ಎಳನೀರು ಗಾಡಿ ಇದ್ದ ಜಾಗದಲ್ಲಿ ಕ್ಯಾಮೆರಾ ಕಂಬ

ಓದುಗರ ಪತ್ರ: ನಮ್ಮ ರಸ್ತೆಯ ತಿರುವಿನಲ್ಲಿದ್ದ ಎಳನೀರು ಗಾಡಿ, ಇಸ್ತ್ರಿ ಗಾಡಿ ಎರಡನ್ನೂ ಎತ್ತಿಸಿ ಕ್ಯಾಮೆರಾ ಕಂಬ ನಿಲ್ಲಿಸಿದ್ದಾರೆ. ರಾತ್ರಿ ಮೆಟ್ರೊದಲ್ಲಿ ಬರುವ ಮಗಳ ಬಗ್ಗೆ ಈಗ ಚಿಂತೆಯಿಲ್ಲ. ಕ್ಯೂಆರ್ ಕೋಡ್ ಬಂದಮೇಲೆ ಚಿಲ್ಲರೆ ಜಗಳವೂ ಮುಗಿಯಿತು. ಹೀಗಿದ್ದೂ ನಿಮ್ಮ ಪತ್ರಿಕೆ ಹೊಸ ತಂತ್ರಜ್ಞಾನವನ್ನು ಅನುಮಾನದಿಂದಲೇ ನೋಡುವುದೇಕೆ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ರಾಜಾಜಿನಗರ, ಬೆಂಗಳೂರು

ಸಂಪಾದಕರ ಉತ್ತರ:

ಮಾನ್ಯರೆ, ಚಿಲ್ಲರೆ ವಿಷಯ ಒಪ್ಪಿದೆ. ಸರ ಕಿತ್ತುಕೊಂಡು ಹೋದವನ ಬೈಕಿನ ನಂಬರು ಕ್ಯಾಮೆರಾದಿಂದ ಸಿಗುತ್ತದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ನಿಮ್ಮ ಪತ್ರದ ಮೊದಲ ಸಾಲನ್ನು ನಾನು ನಾಲ್ಕು ಸಲ ಓದಿದೆ. ಆ ಗಾಡಿಗಳು ಹೋದದ್ದನ್ನು ನೀವು ಅನುಕೂಲದ ಪಟ್ಟಿಗೆ ಸೇರಿಸಿದ್ದೀರಿ. ನನ್ನ ತಕರಾರು ಇರುವುದೇ ಅಲ್ಲಿ.

ಎರಡು ವರ್ಷದ ಹಿಂದೆ, ಮರೆವಿನ ಕಾಯಿಲೆಯಿದ್ದ ನನ್ನ ತಾಯಿ ಸಂಜೆ ಹೊತ್ತು ಮನೆಯಿಂದ ಹೊರಟುಹೋದರು. ನಮ್ಮ ಮನೆಯಿಂದ ಮುಖ್ಯರಸ್ತೆಯವರೆಗೆ ಮೂರು ಕ್ಯಾಮೆರಾಗಳಿವೆ. ಠಾಣೆಗೆ ಓಡಿದರೆ, ಫುಟೇಜ್ ತೆಗೆದುಕೊಡುವವರು ಬೆಳಿಗ್ಗೆ ಬರುತ್ತಾರೆ ಎಂದರು. ಒಂಬತ್ತರ ಹೊತ್ತಿಗೆ ಮಾರುಕಟ್ಟೆ ರಸ್ತೆಯಲ್ಲಿ ಅಮ್ಮ ಸಿಕ್ಕರು. ಸೊಪ್ಪು ಮಾರುವಾಕೆಯ ಪಕ್ಕ ಗೋಣಿಚೀಲದ ಮೇಲೆ ಕೂತು ಮೆಂತ್ಯ ಬಿಡಿಸುತ್ತಿದ್ದರು. "ಚಪ್ಲಿ ಇಲ್ದೆ ಬರ್ತಿದ್ರು ಸಾರ್, ಅಜ್ಜಿ ಹಂಗೆ ಬರೋರಲ್ಲ ಅಂತ ಕೂರಿಸ್ಕೊಂಡೆ. ಸುಮ್ನೆ ಕೂರಲ್ಲ ಅಂದ್ರು, ಕೈಗೆ ಸೊಪ್ಪು ಕೊಟ್ಟೆ." ಅಮ್ಮನ ಪಾದ ಆ ಮೂರೂ ಕ್ಯಾಮೆರಾಗಳಲ್ಲಿ ಮೂಡಿರಲೇಬೇಕು. ಚಪ್ಪಲಿ ಇಲ್ಲದ್ದು ಆಕೆಯ ಕಣ್ಣಿಗೆ ಮಾತ್ರ ಬಿತ್ತು.

ನಗರಗಳ ಬದುಕಿನ ಬಗ್ಗೆ ಬರೆದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲಿ ಅಮೆರಿಕದ ನಗರಗಳ ಬಗ್ಗೆ ಬರೆಯುತ್ತ ಇದನ್ನೇ 'ಬೀದಿಯ ಮೇಲಿನ ಕಣ್ಣುಗಳು' ಎಂದು ಕರೆದರು. ಅಂಗಡಿಯವರು, ಕಿಟಕಿಯಲ್ಲಿ ನಿಂತವರು, ಸುಮ್ಮನೆ ಅಡ್ಡಾಡುವವರು ಬೀದಿಯನ್ನು ಕಾಯುತ್ತಾರೆ ಎಂದರು. ನಮ್ಮಲ್ಲಿ ಅಂಥ ಕಣ್ಣುಗಳಿಗೇನು ಬರವಿರಲಿಲ್ಲ. ಬೀದಿಬದಿ ವ್ಯಾಪಾರಿಗಳನ್ನು ಕಾಪಾಡಲು 2014ರಲ್ಲಿ ಕಾನೂನೇ ಬಂದಿದೆ. ಆದರೂ ಫುಟ್‌ಪಾತ್ ತೆರವು ಎಂದಾಗ ಮೊದಲು ಲಾರಿಗೆ ಏರುವುದು ಅವರ ತಕ್ಕಡಿ. ಮಹಿಳೆಯರ ಸುರಕ್ಷತೆಗೆಂದಿರುವ ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ಬೆಂಗಳೂರಿಗೆ 7,000ಕ್ಕೂ ಹೆಚ್ಚು ಕ್ಯಾಮೆರಾ ಬಂದವು. ಬರಲಿ. ರಾತ್ರಿ ಹತ್ತರವರೆಗೆ ದೀಪ ಹಚ್ಚಿಕೊಂಡು ನಿಲ್ಲುವ ಒಂದು ಗಾಡಿಗೆ ಜಾಗ ಕೊಡಲು ಎಷ್ಟು ಖರ್ಚಾಗುತ್ತಿತ್ತು?

ಇನ್ನೊಂದು ಮಾತು. ಬೀದಿಗೆ ಬಂದ ಯಂತ್ರ ತಾನು ಬಂದ ಕೆಲಸಕ್ಕಷ್ಟೇ ನಿಲ್ಲುವುದಿಲ್ಲ. ಲಂಡನ್ನಿನಲ್ಲಿ ಜಾಹೀರಾತು ತೋರಿಸುವ ಡಿಜಿಟಲ್ ಪರದೆ ಇದ್ದ ಕಸದ ತೊಟ್ಟಿಗಳನ್ನಿಟ್ಟರು. ಅವುಗಳಲ್ಲಿ ಕೆಲವು ದಾರಿಹೋಕರ ಮೊಬೈಲುಗಳನ್ನು ಗುರುತಿಸಿ ಲೆಕ್ಕ ಇಡುತ್ತಿವೆ ಎಂದು 2013ರಲ್ಲಿ ಗೊತ್ತಾಗಿ, ಅಲ್ಲಿನ ನಗರಾಡಳಿತವೇ ನಿಲ್ಲಿಸಿ ಎನ್ನಬೇಕಾಯಿತು. ಕೆನಡಾದ ಟೊರೊಂಟೊದ ಕೆರೆದಂಡೆಯಲ್ಲಿ ಗೂಗಲ್‌ನ ಸೋದರ ಕಂಪನಿ 2017ರಲ್ಲಿ ಘೋಷಿಸಿದ 'ಜಾಣ ಬಡಾವಣೆ'ಯ ಕತೆ ಇನ್ನೂ ದೊಡ್ಡದು. ಜನರ ಗುರುತು ಅಳಿಸದೆ ಮಾಹಿತಿ ಸಂಗ್ರಹವಾಗಬಹುದು ಎಂದು ತಿಳಿದಾಗ, ಖಾಸಗಿತನದ ವಿಷಯದಲ್ಲಿ ಅದರ ಸಲಹೆಗಾರ್ತಿಯಾಗಿದ್ದ ಆನ್ ಕವೂಕಿಯನ್ ರಾಜೀನಾಮೆ ಕೊಟ್ಟು ಹೊರಬಂದರು. 2020ರಲ್ಲಿ ಕಂಪನಿಯೇ ಯೋಜನೆ ಕೈಬಿಟ್ಟಿತು.

ನೀವು ಮೆಚ್ಚಿದ ಕ್ಯೂಆರ್ ಕೋಡ್ ಕತೆಯೂ ಇದೇ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ನಮ್ಮ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋಯಿತು. ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೂ ಬಂತು. ಆ ವಾರ ಸೊಪ್ಪಿನಾಕೆಯ ಬುಟ್ಟಿಯ ಮೇಲಿದ್ದ ಕೋಡ್ ಕಾಣಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಗನ ಕೈಬರಹದಲ್ಲಿ 'ಕ್ಯಾಶ್ ಮಾತ್ರ' ಎಂದಿತ್ತು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಹೇಳಿದರು, ನಿಜ. ಹೆದರಿಕೆ ಅಷ್ಟು ಬೇಗ ಹೋಗುತ್ತದೆಯೆ?

ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ನಮ್ಮವರೇ ಆದ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಎಂಬತ್ತು ದಾಟಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದವರು. ಅವರ ಊರಿನಲ್ಲೇ ಒಂದು ಕಂಬ ಏನನ್ನು ಹಿಡಿಯುತ್ತದೆ, ಎಷ್ಟು ದಿನ ಇಡುತ್ತದೆ, ಯಾರು ನೋಡುತ್ತಾರೆ ಎಂದು ಕೇಳುವುದಕ್ಕೆ ನಾವು ಹಿಂಜರಿಯುತ್ತೇವೆ. ನೀವು ಮೂವತ್ತು ವರ್ಷ ಲೆಡ್ಜರ್ ತಾಳೆ ನೋಡಿದವರು. ಲೆಕ್ಕ ಯಾರ ಕೈಯಲ್ಲಿದೆ ಎಂದು ನಿಮ್ಮಂಥವರೇ ಕೇಳದಿದ್ದರೆ ಹೇಗೆ?

ಮಗಳ ಬಗ್ಗೆ ಬರೆದಿದ್ದೀರಿ. ನನ್ನ ಮಾತು ಬದಿಗಿಟ್ಟು ಅವಳನ್ನೇ ಕೇಳಿ. ರಾತ್ರಿ ಸ್ಟೇಷನ್ನಿನಿಂದ ಮನೆಗೆ ನಡೆಯುವಾಗ ಎಲ್ಲಿ ಬಂದಮೇಲೆ ಉಸಿರು ಸಡಿಲವಾಗುತ್ತದೆ? ಆ ಕಂಬದ ಕೆಳಗೋ, ಇನ್ನೂ ಬಾಗಿಲು ಹಾಕದ ಯಾವುದೋ ಅಂಗಡಿಯ ಮುಂದೋ? ಇಸ್ತ್ರಿ ಗಾಡಿಯವರು ಈಗ ಎಲ್ಲಿದ್ದಾರೆ ಎಂದು ಅವಳಿಗೇ ಗೊತ್ತಿರಬಹುದು. ಅವಳು ಏನು ಹೇಳಿದರೂ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಒಂದಕ್ಷರ ತೆಗೆಯದೆ ಹಾಕುತ್ತೇನೆ.