ಸಿಗ್ನಲ್ ಫುಲ್ ಇದ್ದರೂ ವೈಫೈ ನಿಧಾನ: ರೂಟರ್‌ನಲ್ಲಿ ಏನು ಬದಲಾಯಿಸಬೇಕು?

ಸಿಗ್ನಲ್ ಫುಲ್ ಇದ್ದರೂ ಸಂಜೆ ಹೊತ್ತು ವಿಡಿಯೊ ನಿಂತು ನಿಂತು ಬರುತ್ತದೆ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ರೂಟರ್‌ನಿಂದ ಕಂಪ್ಯೂಟರ್‌ಗೆ ನೇರ ಕೇಬಲ್ ಹಾಕಿ ನೋಡಿ. ಅಲ್ಲೂ ನಿಧಾನ ಅಂದರೆ ತೊಂದರೆ ವೈಫೈದಲ್ಲ.

ಕೇಬಲ್‌ನಲ್ಲಿ ಸರಿ ಇದ್ದರೆ ಚಾನೆಲ್ (ರೂಟರ್ ಸಿಗ್ನಲ್ ಕಳಿಸುವ ರೇಡಿಯೊ ದಾರಿ) ಬದಲಾಯಿಸಿ. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹಾಕಿ (ಸರಿಯಾದ ವಿಳಾಸ ಸಾಮಾನ್ಯವಾಗಿ ರೂಟರ್ ಕೆಳಗೆ ಅಂಟಿಸಿರುತ್ತಾರೆ), ವೈರ್‌ಲೆಸ್ ಭಾಗಕ್ಕೆ ಹೋಗಿ. 2.4 ಗಿಗಾಹರ್ಟ್ಜ್ ಬ್ಯಾಂಡ್‌ನಲ್ಲಿ (ವೈಫೈ ಬಳಸುವ ರೇಡಿಯೊ ಪಟ್ಟಿಗಳಲ್ಲಿ ಒಂದು) ಅಕ್ಕಪಕ್ಕದ ಚಾನೆಲ್‌ಗಳ ನಡುವೆ ಬರೀ 5 ಮೆಗಾಹರ್ಟ್ಜ್ ಅಂತರ. ಸಿಗ್ನಲ್ ಮಾತ್ರ ಸುಮಾರು 20 ಮೆಗಾಹರ್ಟ್ಜ್ ಹರಡುತ್ತದೆ. ಹಾಗಾಗಿ 1, 6, 11 ಇವುಗಳಲ್ಲೇ ಒಂದನ್ನು ಆರಿಸಿ. ಪಕ್ಕದ ಮನೆಯವರು 6ರಲ್ಲಿದ್ದಾರೆ ಅಂತ ನೀವು 7 ಹಾಕಿದರೆ ಇನ್ನೂ ಕಷ್ಟ. ಒಂದೇ ಚಾನೆಲ್‌ನಲ್ಲಿದ್ದರೆ ರೂಟರ್‌ಗಳು ಸರದಿ ಕಾಯುತ್ತವೆ, ಅರ್ಧಂಬರ್ಧ ತಾಗಿದರೆ ಬರೀ ಗದ್ದಲ. ಚಾನೆಲ್ ವಿಡ್ತ್ (ಅಗಲ) 40 ಮೆಗಾಹರ್ಟ್ಜ್ ಇದ್ದರೆ 20ಕ್ಕೆ ಇಳಿಸಿ. ಅಗಲ ಜಾಸ್ತಿಯಾದರೆ ವೇಗವೂ ಜಾಸ್ತಿ ಅಲ್ವಾ ಅನ್ನಿಸಬಹುದು, ಸುತ್ತ ತುಂಬ ರೂಟರ್ ಇರುವ ಕಡೆ ಅದು ಉಲ್ಟಾ.

ರೂಟರ್ ಇರುವ ರೂಮಿನಲ್ಲೇ ಟಿವಿ ಇದ್ದರೆ ಅದನ್ನು 5 ಗಿಗಾಹರ್ಟ್ಜ್ ಬ್ಯಾಂಡ್‌ಗೆ ಸೇರಿಸಿ. ಬೇರೆ ರೂಮಿನಲ್ಲಿದ್ದರೆ ಬೇಡ, ಈ ಬ್ಯಾಂಡ್‌ಗೆ ಗೋಡೆ ದಾಟುವ ಶಕ್ತಿ ಕಡಿಮೆ.

ಒಳಗೆ ಹೋದಾಗಲೇ ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬದಲು ಬಟನ್ ಅಥವಾ ಪಿನ್‌ನಿಂದ ವೈಫೈಗೆ ಸೇರಿಸುವ ಸೌಲಭ್ಯ) ಕೂಡ ಆಫ್ ಮಾಡಿ, ಮರೀಬೇಡಿ. ಅದರ 8 ಅಂಕಿಯ ಪಿನ್ ಎರಡು ತುಂಡಾಗಿ ಪರೀಕ್ಷೆಯಾಗುತ್ತದೆ. ಹೆಚ್ಚೆಂದರೆ 11,000 ಸಲ ಊಹಿಸಿದರೆ ಸಿಕ್ಕಿಬಿಡುತ್ತದೆ. ಎಂಟಿಯು (ಒಂದು ಸಲಕ್ಕೆ ಕಳಿಸುವ ಡೇಟಾ ತುಂಡಿನ ಗರಿಷ್ಠ ಅಳತೆ) ಮಾತ್ರ ಸುಮ್ನೆ ಮುಟ್ಟಬೇಡಿ.