ಅಫಿಲಿಯೇಟ್ ಕೊಂಡಿಗಳಿಗೆ ನೋಫಾಲೋ ಹಾಕಲೇಬೇಕೇ?

ಅಫಿಲಿಯೇಟ್ ಕೊಂಡಿ ಎಂದರೆ ಓದುಗರು ಅದರ ಮೂಲಕ ಏನಾದರೂ ಕೊಂಡಾಗ ನಿಮಗೆ ಕಮಿಷನ್ ತರುವ ಕೊಂಡಿ; ನೋಫಾಲೋ ಎಂದರೆ ಆ ಕೊಂಡಿಯನ್ನು ನಿಮ್ಮ ಶಿಫಾರಸೆಂದು ಎಣಿಸಬೇಡವೆಂದು ಹುಡುಕಾಟ ಯಂತ್ರಕ್ಕೆ ಹೇಳಲು ಕೊಂಡಿಯ ಕೋಡ್‌ನಲ್ಲಿ ಸೇರಿಸುವ ಗುರುತು. ಅದನ್ನು ಹಾಕುವುದೇ ಸರಿ, ಆದರೆ ಅದರಿಂದ ಹುಡುಕಾಟದಲ್ಲಿ ನಿಮ್ಮ ಪುಟ ಮೇಲೇರುತ್ತದೆಂಬ ನಿರೀಕ್ಷೆ ಬೇಡ. ಒಂದು ಪುಟ ಇನ್ನೊಂದಕ್ಕೆ ಕೊಡುವ ಕೊಂಡಿಯನ್ನು ಗೂಗಲ್ ಒಂದು ಬಗೆಯ ಶಿಫಾರಸೆಂದು ಪರಿಗಣಿಸುವುದರಿಂದ, ಕಮಿಷನ್ ತರುವ ಕೊಂಡಿಯನ್ನು ಯಾವ ಗುರುತೂ ಇಲ್ಲದೆ ಬಿಟ್ಟರೆ ಅದು ಹಣಕ್ಕೆ ಮಾರಿದ ಶಿಫಾರಸಿನಂತೆ ಕಾಣುತ್ತದೆ. ಇಂಥವು ಹೆಚ್ಚಾದಾಗ ಗೂಗಲ್‌ನಿಂದ ದಂಡನೆಯ ಸಾಧ್ಯತೆಯೂ ಇದೆ. 2005ರಲ್ಲಿ ಬಂದ ನೋಫಾಲೋದ ಮೂಲ ಉದ್ದೇಶ ಕಾಮೆಂಟುಗಳಲ್ಲಿನ ಸ್ಪ್ಯಾಮ್ ತಡೆಯುವುದಾಗಿತ್ತು. ಹಣದ ಸಂಬಂಧವಿರುವ ಕೊಂಡಿಗಳಿಗೆಂದೇ ಗೂಗಲ್ 2019ರ ಸೆಪ್ಟೆಂಬರ್‌ನಲ್ಲಿ ‘ಸ್ಪಾನ್ಸರ್ಡ್’ ಎಂಬ ಗುರುತನ್ನು ಪ್ರಕಟಿಸಿತು. ಹೊಸ ಲೇಖನಗಳಲ್ಲಿ ಇದನ್ನೇ ಬಳಸುವುದು ಲೇಸು. ಹಳೆಯವುಗಳಲ್ಲಿ ನೋಫಾಲೋ ಇದ್ದರೆ ತಿದ್ದುತ್ತ ಕೂರಬೇಕಿಲ್ಲ, ಅದೂ ಒಪ್ಪಿತವೇ. ಓದುಗರು ಒತ್ತಿದಾಗ ಕೊಂಡಿ ಎಂದಿನಂತೆ ತೆರೆದುಕೊಳ್ಳುವುದರಿಂದ ನಿಮ್ಮ ಕಮಿಷನ್‌ಗೆ ಧಕ್ಕೆಯಿಲ್ಲ.