ಕಿಮೋ ನಡುವೆ ಅಪ್ಪ ಹೊಲಕ್ಕೆ ಹೋಗಬಹುದೇ? ರೋಣದ ಸದಸ್ಯರಿಗೆ ಉತ್ತರ

ನೀವು ಕೇಳಿದ್ದು: ಅಪ್ಪನಿಗೆ ಕ್ಯಾನ್ಸರ್, ಹುಬ್ಬಳ್ಳಿಯಲ್ಲಿ 21 ದಿನಕ್ಕೊಮ್ಮೆ ಕಿಮೋ. ಮರುದಿನವೇ ಎರಿ ಹೊಲಕ್ಕೆ ಹೊರಡುತ್ತಾರೆ, ನಾಲ್ಕನೇ ದಿನ ಗೋಡೆ ಕಡೆ ಮುಖ ಮಾಡಿ ಮಲಗಿದರೆ ಮಾತೇ ಇಲ್ಲ. ಕಡಲೆ ಬಿತ್ತೋ ಹೊತ್ತು, ತಡೆಯಬೇಕೋ ಬಿಡಬೇಕೋ?

ಹೊಲ ಬಿಡಿಸಬೇಡಿ. ದಿನ ನೋಡಿ ಕಳಿಸಿ.

ಮೊದಲೆರಡು ದಿನದ ಹುರುಪು ಬಹುಶಃ ಡೆಕ್ಸಾಮೆಥಾಸೋನ್‌ನದು. ವಾಂತಿ, ಅಲರ್ಜಿ ತಡೆಯಲು ಕಿಮೋ ಜೊತೆ ಕೊಡುವ ಸ್ಟಿರಾಯ್ಡ್ ಅದು. ನಿದ್ದೆ ಕೆಡಿಸುತ್ತದೆ, ನಿಂತ ಮೇಲೆ ಮೈಯೂ ಮನಸ್ಸೂ ಕುಸಿಯುತ್ತವೆ. ಆ ಮೌನವನ್ನು ಹಟ ಅಂದುಕೊಳ್ಳಬೇಡಿ. ಮನೆಗೂ ಅದೇ ಮಾತ್ರೆ ಕೊಟ್ಟಿದ್ದರೆ ಬೆಳಗಿನ ತಿಂಡಿ ಮೇಲೆ ಕೊಡಬಹುದೇ ಅಂತ ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆಯಿದ್ದರೆ ಆ ದಿನಗಳಲ್ಲಿ ಶುಗರ್ ಏರುತ್ತದೆ, ತಪ್ಪದೆ ಅಳೆಯಿರಿ.

ಗೋಡೆ ಕ್ಯಾಲೆಂಡರಿನಲ್ಲಿ ಕಿಮೋ ದಿನಕ್ಕೆ 1 ಅಂತ ಬರೆದು 21ರ ತನಕ ಎಣಿಸಿ. ಸಾಮಾನ್ಯವಾಗಿ 7ರಿಂದ 14ರೊಳಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತವೆ. ಆಗ ಮಣ್ಣು, ಸಗಣಿ, ತಿಪ್ಪೆ, ಬಣವೆ ಮುಟ್ಟುವುದು ಬೇಡ. ಹಳೇ ಮೇವಿನ ಬೂಷ್ಟು ಧೂಳಾಗಿ ಶ್ವಾಸಕೋಶಕ್ಕಿಳಿದರೆ ತಡೆಯುವ ಶಕ್ತಿ ಮೈಗಿರುವುದಿಲ್ಲ. 15 ದಾಟಿದ ಮೇಲೆ, ರಕ್ತ ಪರೀಕ್ಷೆ ಸರಿಯಿದ್ದು ವೈದ್ಯರು ಹೂಂ ಅಂದರೆ, ಬೆಳಗ್ಗೆ ಒಂದು ತಾಸು ಹೋಗಲಿ: ಕಾಲಿಗೆ ಬೂಟು, ಕೈಗವಸು, ಬದುವಿನ ಮೇಲೊಂದು ಕುರ್ಚಿ. ಕೂರಿಗೆ ಬೇರೆಯವರು ಹಿಡಿಯಲಿ. ಸಾಲಿನ ಅಂತರ ಎಷ್ಟು, ಬೀಜ ಎಷ್ಟು ಆಳಕ್ಕೆ ಬೀಳಬೇಕು ಅನ್ನೋದನ್ನು ಅಪ್ಪನೇ ಹೇಳಲಿ. ಕಾಟಾಚಾರಕ್ಕೆ ಕೇಳಬೇಡಿ, ಅವರು ಹೇಳಿದಂತೆಯೇ ಬಿತ್ತಿ. ಬೀಜೋಪಚಾರ (ಬೀಜಕ್ಕೆ ಔಷಧ ಹಚ್ಚುವುದು), ಎಣ್ಣಿ ಅಂದರೆ ಕ್ರಿಮಿನಾಶಕ ಹೊಡೆಯುವುದು ಮಾತ್ರ ಯಾವ ದಿನವೂ ಬೇಡ. ಮುಂದೆ ಕಡಲೆ ಗಿಡದ ಹುಳಿಯನ್ನೂ ನೆನಪಿಡಿ. ಕ್ಯಾಪೆಸಿಟಾಬಿನ್‌ನಂಥ ಕಿಮೋ ಔಷಧದಿಂದ ಅಂಗೈ ಸಿಪ್ಪೆ ಎದ್ದಿದ್ದರೆ ಅದು ಬೆಂಕಿ ಇಟ್ಟಂತೆ ಉರಿಯುತ್ತದೆ.

ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎರಡಾಗಿದ್ದರೂ ಆಸ್ಪತ್ರೆಗೆ ಹೊರಡಿ. ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲಿ ಅಂತ ಕಾಯುವುದೇ ದೊಡ್ಡ ತಪ್ಪು: ಜ್ವರ ಮುಚ್ಚಿಹೋಗುತ್ತದೆ, ಒಳಗೆ ಸೋಂಕು ಬೆಳೆಯುತ್ತದೆ. ಯಾರ ಗಾಡಿ ಅನ್ನೋದು ಮೊದಲೇ ಗೊತ್ತಿರಲಿ, ಫೈಲು ಬಾಗಿಲ ಹತ್ತಿರವೇ ಇರಲಿ.

ಬಾಯಿ ಹುಣ್ಣಿಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರು, ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ ಉಗುಳಲಿ, ನೀರು ದಿನಾ ಹೊಸದು ಮಾಡಿ. ಖಡಕ್ ರೊಟ್ಟಿ, ಕೆಂಪು ಚಟ್ನಿ, ಪುಂಡಿಪಲ್ಯ ಹುಣ್ಣನ್ನು ಕೆರಳಿಸುತ್ತವೆ. ಜೋಳದ ನುಚ್ಚು, ಬೇಳೆ, ಪೂರ್ತಿ ಬೆಂದ ಮೊಟ್ಟೆ ಕೊಡಿ. ರೊಟ್ಟಿ ಜೊತೆ ಕಚ್ಚುವ ಹಸಿ ಮೆಂತ್ಯ, ಮೂಲಂಗಿ ಈಗ ಬೇಯಿಸಿಯೇ ತಿನ್ನಲಿ.

ತಟ್ಟೆ, ಲೋಟ ಬೇರೆ ಇಡಬೇಡಿ. ಇದು ಅಂಟುವ ರೋಗವಲ್ಲ, ಬೇರೆ ತಟ್ಟೆ ಕಂಡರೆ ಮನುಷ್ಯ ಒಳಗೇ ಕುಗ್ಗುತ್ತಾನೆ. ಕಿಮೋ ಆದ 48 ತಾಸು ವಾಂತಿ, ಮೂತ್ರ ತೊಳೆಯುವವರು ಕೈಗವಸು ಹಾಕಬೇಕು. ಅದು ಔಷಧದ ಅಂಶ ಕೈಗೆ ತಾಕದಿರಲಿ ಅಂತ.

ಮಂಕು ಒಂದು ವಾರದಲ್ಲಿ ಸರಿಯದೆ ಎರಡು ವಾರ ಎಳೆದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. "ನಾನಿದ್ದೇನು ಉಪಯೋಗ" ಅನ್ನೋ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ. ಕ್ರಿಮಿನಾಶಕದ ಡಬ್ಬಿಗಳನ್ನಂತೂ ಇವತ್ತೇ ಮನೆಯಿಂದ ಸಾಗಿಸಿ.

ಮುಂದಿನ ಕಿಮೋ ತಾರೀಖು ಇಲ್ಲೇ ಬರೆಯಿರಿ, ಬಿತ್ತನೆಗೆ ಹೊಂದುವ ದಿನ ಕೂಡಿಯೇ ಲೆಕ್ಕ ಹಾಕೋಣ.